ಆಪರೇಷನ್ ಆಯಿತು, ಇನ್ನು ಹಾಲು ಕುಡಿಸುವುದು ಹೇಗೆ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ.

ನನ್ನ ಮಗಳ ಅನ್ನಪ್ರಾಶನದ ದಿನ ನಾವು ಬಾಯಿಗಿಟ್ಟ ಪಾಯಸ ಅವಳ ಕುತ್ತಿಗೆಯಿಂದ ಹೊರಗೆ ಬಂತು. ಅನಾಹುತ ಏನೂ ಆಗಲಿಲ್ಲ, ಅದು ಹಾಗೆ ಬರಲೇಬೇಕಿತ್ತು. ಅವಳು ಹುಟ್ಟಿದ್ದೇ ಅನ್ನನಾಳ ನಡುವೆ ತುಂಡಾಗಿ. ಅದಕ್ಕೇ ಎಡಗಡೆ ಕುತ್ತಿಗೆಯಲ್ಲಿ ಡಾಕ್ಟರು ಮಾಡಿದ ಒಂದು ಸಣ್ಣ ತೂತು ಇತ್ತು. ಬಾಯಿಗೆ ಹೋದದ್ದೆಲ್ಲ, ಜೊಲ್ಲು ಕೂಡ, ಅಲ್ಲಿಂದಲೇ ಆಚೆ. ಅತ್ತೆ ಸೆರಗಿನಲ್ಲಿ ಒರೆಸಿ, "ರುಚಿಯಾಗಿತ್ತೇನೇ ಪುಟ್ಟಿ?" ಅಂದರು. ಪುಟ್ಟಿ ನಾಲಿಗೆ ಚಪ್ಪರಿಸಿದಳು. ಅದೇ ಹೊತ್ತಿಗೆ ನಾನು ಅವಳ ಹೊಟ್ಟೆಯ ಟ್ಯೂಬಿಗೆ ಸಿರಿಂಜ್ ಸಿಕ್ಕಿಸಿ ಹಾಲು ಬಿಡುತ್ತಿದ್ದೆ. ಪುರೋಹಿತರು ಒಂದು ಕ್ಷಣ ಮಂತ್ರ ಮರೆತದ್ದು ಬಿಟ್ಟರೆ ಉಳಿದದ್ದೆಲ್ಲ ಶಾಸ್ತ್ರದ ಪ್ರಕಾರವೇ ನಡೆಯಿತು.

ಈಗ ಅವಳಿಗೆ ಎರಡೂವರೆ ವರ್ಷ. ಕುತ್ತಿಗೆಯ ತೂತು ಮುಚ್ಚಿದೆ. ಹೊಟ್ಟೆಯಲ್ಲಿ ಟ್ಯೂಬ್ ಇಲ್ಲ, ಒಂದು ಗುಂಡನೆ ಕಲೆ ಇದೆ. ಬಾಯಲ್ಲೇ ತಿನ್ನುತ್ತಾಳೆ. ಆಪರೇಷನ್ ಮಾಡಿದವರನ್ನು ನೆನೆದು ದಿನಾ ಕೈ ಮುಗಿಯುತ್ತೇನೆ, ಅವರ ಮೇಲೆ ದೂರು ಹೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಎರಡು ದೊಡ್ಡ ಆಪರೇಷನ್‌ಗಳ ನಡುವೆ ನಮಗೆ ಹದಿಮೂರು ತಿಂಗಳ ಅಂತರ ಇತ್ತು. ಆ ಹದಿಮೂರು ತಿಂಗಳು ಮಗುವಿನ ಹೊಟ್ಟೆ ತುಂಬಿಸಿದ್ದು ನಮ್ಮ ಮನೆಯ ಅಡುಗೆಮನೆ. ಆಪರೇಷನ್‌ಗೆ ಸರ್ಕಾರದಲ್ಲಿ ಲೆಕ್ಕ ಇದೆ, ಕಾರ್ಡ್ ಇದೆ, ಪ್ಯಾಕೇಜ್ ಇದೆ. ಊಟ ಮಾಡಿಸುವುದಕ್ಕೆ ಏನೂ ಇಲ್ಲ. ಆ ವಿಷಯ ಹೇಳಬೇಕಿತ್ತು.

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯವಳು. ಮಗು ಹುಟ್ಟುವ ಮುಂಚೆ ಊರಿನ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಬೆಳಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಇದೇ ಕೆಲಸ. ನಮ್ಮ ಮನೆಯವರು ಲಗೇಜ್ ಆಟೋ ಓಡಿಸುತ್ತಾರೆ. ಪತ್ರದಲ್ಲಿ ಯಾವ ಆಸ್ಪತ್ರೆಯ ಹೆಸರನ್ನೂ ಬರೆಯುವುದಿಲ್ಲ. ಹೆಸರು ಬರೆದರೆ ಅಲ್ಲಿಗೊಂದು ನೋಟಿಸ್ ಹೋಗುತ್ತದೆ, ಯಾರೋ ಒಬ್ಬ ಸಿಸ್ಟರ್‌ಗೆ ಬೈಗುಳ ಬೀಳುತ್ತದೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಅದು ನನಗೆ ಬೇಡ.

ಬಸುರಿಯಿದ್ದಾಗ ಏಳನೇ ತಿಂಗಳ ಸ್ಕ್ಯಾನಿಂಗಿನಲ್ಲಿ "ನೀರು ಸ್ವಲ್ಪ ಜಾಸ್ತಿ ಇದೆ" ಅಂದಿದ್ದರು. ಕಮ್ಮಿ ಇದ್ದರೆ ಭಯ, ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂದುಕೊಂಡೆವು. ಹೊಟ್ಟೆಯೊಳಗಿನ ಮಗು ತನ್ನ ಸುತ್ತಲಿನ ನೀರನ್ನು ಕುಡಿಯುತ್ತಲೇ ಇರುತ್ತದಂತೆ. ಕುಡಿಯಲು ದಾರಿ ಇಲ್ಲದಿದ್ದರೆ ನೀರು ಹಾಗೇ ತುಂಬಿಕೊಳ್ಳುತ್ತದೆ. ಇದು ತಿಳಿದದ್ದು ಆಮೇಲೆ.

ಹುಟ್ಟಿದ ಕೂಡಲೇ ಅತ್ತಳು. ಆದರೆ ಬಾಯಲ್ಲಿ ನೊರೆ. ಸಿಸ್ಟರ್ ಒರೆಸಿದಷ್ಟೂ ನೊರೆ, ಸೋಪಿನ ನೀರಿನ ಥರ. ನಮ್ಮಮ್ಮ ಜೇನುತುಪ್ಪ ನೆಕ್ಕಿಸಬೇಕು ಅಂತ ಬಟ್ಟಲು ಹಿಡಿದು ನಿಂತಿದ್ದರು. ಆ ಸಿಸ್ಟರ್ "ಒಂದು ಹನಿಯೂ ಬಾಯಿಗೆ ಹಾಕಬೇಡಿ" ಅಂತ ಗದರಿ ಬಟ್ಟಲು ಕಿತ್ತುಕೊಂಡರು. ತೆಳ್ಳನೆಯ ಟ್ಯೂಬ್ ಒಂದನ್ನು ಬಾಯಿಂದ ಇಳಿಸಿದರು. ಅರ್ಧ ಗೇಣು ಹೋಗಿ ತಡೆಯಿತು. ಎಕ್ಸ್‌ರೇಯಲ್ಲಿ ಆ ಟ್ಯೂಬ್ ಎದೆಯ ಮೇಲ್ಭಾಗದಲ್ಲೇ ಸುರುಳಿ ಸುತ್ತಿಕೊಂಡು ಕೂತಿತ್ತು. ಹೊಟ್ಟೆಯಲ್ಲಿ ಗಾಳಿಯೇ ಇರಲಿಲ್ಲ. ಮಗುವಿನ ಜೊತೆ ನಮ್ಮ ಮನೆಯವರು ಆಂಬುಲೆನ್ಸ್ ಹತ್ತಿ ಬೆಂಗಳೂರಿಗೆ ಹೊರಟರು. ಬಾಣಂತಿ ನಾನು ಹಿಂದೆ ಉಳಿದೆ.

ಇದಕ್ಕೆ ಡಾಕ್ಟರುಗಳು ಈಸೋಫೇಜಿಯಲ್ ಅಟ್ರೀಸಿಯಾ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಗಂಟಲಿನಿಂದ ಹೊಟ್ಟೆಗೆ ಹೋಗುವ ಅನ್ನನಾಳ ಮಧ್ಯದಲ್ಲಿ ಕತ್ತರಿಸಿಹೋಗಿರುತ್ತದೆ. ಸುಮಾರು 3,000ದಿಂದ 4,500 ಹೆರಿಗೆಗೆ ಒಂದು ಮಗು ಹೀಗೆ ಹುಟ್ಟುತ್ತದೆ. ನಮ್ಮಂಥ ದೊಡ್ಡ ರಾಜ್ಯದಲ್ಲಿ ಅದು ವರ್ಷಕ್ಕೆ ನೂರಕ್ಕೂ ಜಾಸ್ತಿ ಆಯಿತು. ಬಹಳಷ್ಟು ಮಕ್ಕಳಲ್ಲಿ ಕೆಳಗಿನ ತುಂಡು ಶ್ವಾಸನಾಳಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಿ ಎರಡು ತುದಿಗಳನ್ನೂ ಹುಟ್ಟಿದ ಒಂದೆರಡು ದಿನದಲ್ಲೇ ಕೂಡಿಸಿಬಿಡುತ್ತಾರೆ. ನಮ್ಮ ಪುಟ್ಟಿಯದು ನೂರಕ್ಕೆ ಏಳೆಂಟು ಮಕ್ಕಳಿಗೆ ಬರುವ ಜಾತಿ. ಎರಡೂ ತುದಿ ಮುಚ್ಚಿವೆ, ನಡುವೆ ತುಂಬಾ ಅಂತರ. ಎಳೆದು ಕೂಡಿಸುವುದಕ್ಕೆ ಆಗುವುದಿಲ್ಲ. ಹಾಗಾಗಿ ಜೊಲ್ಲು ಶ್ವಾಸಕೋಶಕ್ಕೆ ಇಳಿಯದಂತೆ ಕುತ್ತಿಗೆಯಲ್ಲಿ ಒಂದು ದಾರಿ ಮಾಡಿದರು, ಹಾಲಿಗೆ ಹೊಟ್ಟೆಯಲ್ಲಿ ಇನ್ನೊಂದು. "ಒಂದು ವರ್ಷ ಆಗಲಿ, ಎಂಟು ಕಿಲೋ ದಾಟಲಿ. ಆಮೇಲೆ ಹೊಟ್ಟೆಯ ಚೀಲವನ್ನೇ ಮೇಲಕ್ಕೆ ಎಳೆದು ಗಂಟಲಿಗೆ ಸೇರಿಸುತ್ತೇವೆ" ಅಂದರು.

ಅವಳು ಹುಟ್ಟಿದ್ದು 2.4 ಕಿಲೋ.

ಇಂಥ ಮಕ್ಕಳ ಇತಿಹಾಸವನ್ನು ನಮ್ಮ ಮನೆಯವರು ವಾರ್ಡಿನ ಹೊರಗೆ ಕೂತು ಮೊಬೈಲಿನಲ್ಲಿ ಓದಿದ್ದರು. 1941ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಕ್ಯಾಮರನ್ ಹೈಟ್ ಅನ್ನುವ ಡಾಕ್ಟರು ಮೊದಲ ಬಾರಿಗೆ ಎರಡು ತುದಿ ಕೂಡಿಸಿ ಮಗುವನ್ನು ಉಳಿಸಿದರಂತೆ. ಅದಕ್ಕೂ ಎರಡು ವರ್ಷ ಮುಂಚೆ, 1939ರಲ್ಲಿ, ಅದೇ ದೇಶದ ಬೇರೆ ಇಬ್ಬರು ಡಾಕ್ಟರುಗಳ ಕೈಯಲ್ಲಿ ಎರಡು ಮಕ್ಕಳು ಬದುಕಿದ್ದರು. ಅವುಗಳಿಗೂ ನಮ್ಮ ಪುಟ್ಟಿಯ ಹಾಗೆ ಹೊಟ್ಟೆಯ ಟ್ಯೂಬಿನಲ್ಲೇ ಹಾಲು ಕೊಟ್ಟು ಬೆಳೆಸಿ, ಆಮೇಲೆ ಹಂತ ಹಂತವಾಗಿ ಆಪರೇಷನ್ ಮಾಡಿದ್ದು. ಆ ಡಾಕ್ಟರುಗಳ ಹೆಸರು ಪುಸ್ತಕದಲ್ಲಿದೆ. ಟ್ಯೂಬಿಗೆ ಹಾಲು ಬಿಟ್ಟವರು ಯಾರು ಅಂತ ಎಲ್ಲೂ ಬರೆದಿಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನ ವಿಷಯ ಹೇಳಲೇಬೇಕು. 2018ರಲ್ಲಿ ಎರಡು ಯೋಜನೆ ಸೇರಿಸಿ ಮಾಡಿದ್ದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ನಮ್ಮದು ಬಿಪಿಎಲ್. ಅಷ್ಟು ದೊಡ್ಡ ಆಪರೇಷನ್‌ಗೆ ನಮ್ಮ ಕೈಯಿಂದ ಹೋದದ್ದು ಊಟ ತಿಂಡಿಯ ಖರ್ಚು ಮಾತ್ರ. ಯಾರು ಕೇಳಿದರೂ ಇದನ್ನು ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಇಪ್ಪತ್ತಾರನೇ ದಿನ ಡಿಸ್ಚಾರ್ಜ್. ಅಲ್ಲಿಂದ ಶುರು.

ನಮಗೆ ಸಿಕ್ಕ ತರಬೇತಿ ಹತ್ತು ನಿಮಿಷ. ಒಬ್ಬರು ಬಂದು ಒಮ್ಮೆ ಮಾಡಿ ತೋರಿಸಿದರು, "ಗೊತ್ತಾಯ್ತಲ್ಲಮ್ಮ?" ಅಂದರು, ನಾನು ತಲೆ ಆಡಿಸಿದೆ. ಅಷ್ಟು ಜನರ ಮಧ್ಯೆ ಗೊತ್ತಾಗಲಿಲ್ಲ ಅನ್ನುವುದಕ್ಕೆ ನಾಚಿಕೆ. ಕೈಗೆ ಕೊಟ್ಟ ಕಾಗದ ಇಂಗ್ಲಿಷ್‌ನಲ್ಲಿತ್ತು. ಆಪರೇಷನ್ ಬಗ್ಗೆ ಒಂದೂವರೆ ಪುಟ, ಹಾಲಿನ ಬಗ್ಗೆ ಒಂದು ಸಾಲು: ಮೂರು ಗಂಟೆಗೊಮ್ಮೆ 45 ಎಂಎಲ್.

ದಿನಕ್ಕೆ ನೂರಾರು ಲೀಟರ್ ಹಾಲಿನ ಲೆಕ್ಕ ನೋಡುತ್ತಿದ್ದವಳು ನಾನು. ಆ 45 ಎಂಎಲ್‌ಗೆ ಕೈ ನಡುಗಿತು.

ಅದು ಹೇಗೆ ಮಾಡುವುದು ಅಂತ ನೀವು ನೋಡಿರಲಿಕ್ಕಿಲ್ಲ, ಬರೆಯುತ್ತೇನೆ. 50 ಎಂಎಲ್ ಸಿರಿಂಜಿನ ಹಿಡಿಯನ್ನು ತೆಗೆದು ಆಚೆ ಇಡಬೇಕು. ಬರೀ ಕೊಳವೆಯನ್ನು ಹೊಟ್ಟೆಯ ಟ್ಯೂಬಿಗೆ ಸಿಕ್ಕಿಸಿ, ಮಗುವಿನ ಹೊಟ್ಟೆಯಿಂದ ಒಂದು ಗೇಣು ಮೇಲೆ ಹಿಡಿದುಕೊಂಡು ಹಾಲು ಸುರಿಯಬೇಕು. ಒತ್ತಿ ತಳ್ಳಬಾರದು. ತನ್ನ ಭಾರಕ್ಕೆ ತಾನೇ ಇಳಿಯಬೇಕು. ಕೈ ಎತ್ತರಿಸಿದರೆ ಬೇಗ ಹೋಗುತ್ತದೆ, ಬೇಗ ಹೋದರೆ ಹೊಟ್ಟೆ ಉಬ್ಬುತ್ತದೆ. ತಗ್ಗಿಸಿದರೆ ನಿಂತುಬಿಡುತ್ತದೆ. ಮಗು ಅತ್ತರೆ ಹೊಟ್ಟೆ ಬಿಗಿಯಾಗಿ, ಇಳಿದ ಹಾಲು ಕೊಳವೆಯಲ್ಲಿ ಮತ್ತೆ ಮೇಲಕ್ಕೆ ಬರುತ್ತದೆ. ಅಳು ನಿಂತ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಆ ಬಿಳಿ ಗೆರೆ ಮೇಲೆ ಕೆಳಗೆ ಆಗುವುದನ್ನೇ ನೋಡುತ್ತಾ ರಾತ್ರಿ ಎರಡು ಗಂಟೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದೆ. ಇಪ್ಪತ್ತು ನಿಮಿಷ. ಆಮೇಲೆ ಹತ್ತು ಎಂಎಲ್ ಕಾಯಿಸಿ ಆರಿಸಿದ ನೀರು ಬಿಟ್ಟು ಟ್ಯೂಬ್ ತೊಳೆಯಬೇಕು, ಇಲ್ಲದಿದ್ದರೆ ಹಾಲು ಒಳಗೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಟ್ಯೂಬ್ ತೆರೆದಿಟ್ಟು ಗಾಳಿ ಹೋಗಲು ಬಿಡಬೇಕು. ಅಷ್ಟರಲ್ಲಿ ಕುತ್ತಿಗೆಯ ಬಟ್ಟೆ ಜೊಲ್ಲಿಗೆ ಒದ್ದೆಯಾಗಿರುತ್ತದೆ, ಅದನ್ನು ಬದಲಿಸಬೇಕು. ಮುಂದಿನ ಸಲಕ್ಕೆ ನಾನು ಎದೆಹಾಲು ಹಿಂಡಿ ತೆಗೆದಿಡಬೇಕು. ಮಗು ಬಾಯಿ ಹಾಕದ ಎದೆಯಲ್ಲಿ ಹಾಲು ಎಷ್ಟು ದಿನ ನಿಲ್ಲುತ್ತದೆ? ನನಗೆ ನಾಲ್ಕು ತಿಂಗಳು ನಿಂತಿತು. ಆಮೇಲೆ ಪೌಡರ್ ಹಾಲು.

ದಿನಕ್ಕೆ ಎಂಟು ಸಲದಂತೆ ಹದಿಮೂರು ತಿಂಗಳು. 3,000 ಸಲ ದಾಟುತ್ತದೆ. ಡೇರಿಯ ಹಳೆ ಲೆಜರ್ ಒಂದು ಮನೆಯಲ್ಲಿತ್ತು, ಅದರಲ್ಲೇ ಬರೆದಿಟ್ಟಿದ್ದೇನೆ. ಸದಸ್ಯರ ಹೆಸರು ಬರೆಯುವ ಕಡೆ ಗಂಟೆ, ಲೀಟರ್ ಬರೆಯುವ ಕಡೆ ಎಂಎಲ್, ಫ್ಯಾಟ್ ಅಂತ ಇರುವ ಕಡೆ ವಾಂತಿ, ಭೇದಿ, ಜ್ವರ.

ಡಿಸ್ಚಾರ್ಜ್ ದಿನದ ಇನ್ನೊಂದು ಸಂಗತಿ ಇದೆ. ಲಿಫ್ಟಿಗೆ ಕಾಯುತ್ತಿದ್ದಾಗ ಬೇರೆ ವಾರ್ಡಿನ ವಯಸ್ಸಾದ ಸಿಸ್ಟರ್ ಒಬ್ಬರು ಮಗುವಿನ ಕುತ್ತಿಗೆ ನೋಡಿ ನಿಂತರು. "ಬಾಯಿಗೂ ಸ್ವಲ್ಪ ಹಾಲು ಹಾಕ್ತೀಯೇನಮ್ಮ?" ಅಂದರು. ಬಾಯಿಗೆ ಯಾಕೆ, ಹೊಟ್ಟೆಗೆ ಹೋಗಲ್ವಲ್ಲ ಅಂದೆ. "ಹೊಟ್ಟೆಗಲ್ಲ, ಬಾಯಿಗೆ. ಚೀಪೋದು, ನುಂಗೋದು ಈಗ ಕಲೀದಿದ್ರೆ ಆಮೇಲೆ ಕಲಿಯಲ್ಲ. ಟ್ಯೂಬಲ್ಲಿ ಹಾಲು ಬಿಡೋವಾಗ್ಲೇ ಬಾಯಿಗೂ ಹಾಕು. ಕುತ್ತಿಗೇಲಿ ಬರುತ್ತೆ, ಬರ್ಲಿ. ಬಾಯಿ ಆಡಿದ್ರೆ ಹೊಟ್ಟೆ ತುಂಬುತ್ತೆ ಅಂತ ಮಗೂಗೆ ತಿಳೀಬೇಕು. ಇದನ್ನ ನಿಮ್ಮ ಡಾಕ್ಟ್ರಿಗೂ ಒಂದು ಮಾತು ಕೇಳ್ಕೋ." ಓಡಿಹೋಗಿ ಕೇಳಿದೆ. ಹೌದು, ಮಾಡಿ ಅಂದರು.

ಲಿಫ್ಟ್ ಆವತ್ತು ಬೇಗ ಬಂದಿದ್ದರೆ? ಈಗಲೂ ಒಮ್ಮೊಮ್ಮೆ ಯೋಚನೆ ಬರುತ್ತದೆ.

ಮನೆಗೆ ಬಂದ ಮೇಲೆ ಅತ್ತೆ ಅಟ್ಟದಿಂದ ಒಳಲೆ ಇಳಿಸಿದರು. ನಮ್ಮ ಮನೆಯವರು ಕೂಸಾಗಿದ್ದಾಗ ಅದರಲ್ಲೇ ಹಾಲು ಕುಡಿದದ್ದಂತೆ. ಹುಣಸೆಹಣ್ಣು ಹಾಕಿ ಉಜ್ಜಿ, ಕುದಿಸಿ, ದಿನಾ ಅತ್ತೆ ಒಳಲೆಯಲ್ಲಿ ಬಾಯಿಗೆ, ನಾನು ಸಿರಿಂಜಿನಲ್ಲಿ ಹೊಟ್ಟೆಗೆ. ನೋಡಿದವರಿಗೆ ಹುಚ್ಚು ಅನಿಸುತ್ತಿತ್ತು. ಹಾಕಿದ ಹಾಲೆಲ್ಲ ಕುತ್ತಿಗೆಯ ಬಟ್ಟೆಗೇ ಹೋಗುತ್ತಿತ್ತು. ಅತ್ತೆ ಒಂದು ದಿನವೂ "ಹಾಲು ದಂಡ" ಅನ್ನಲಿಲ್ಲ.

ಐದನೇ ತಿಂಗಳಲ್ಲಿ ಒಂದು ರಾತ್ರಿ ಟ್ಯೂಬ್ ಕಿತ್ತು ಬಂತು. ಒಂದೂವರೆ ಗಂಟೆ ಇರಬೇಕು. ಬಟ್ಟೆ ಬದಲಿಸುವಾಗ ಅದು ಹಾಸಿಗೆಯಲ್ಲಿ ಬಿದ್ದಿತ್ತು, ಹೊಟ್ಟೆಯಲ್ಲಿ ಬರೀ ತೂತು. ಆ ತೂತು ಕೆಲವೇ ಗಂಟೆಗಳಲ್ಲಿ ಕುಗ್ಗಿ ಮುಚ್ಚಿಕೊಳ್ಳುತ್ತದೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ವಾರ್ಡಿನಲ್ಲಿ ಪರಿಚಯವಾದ ಇನ್ನೊಂದು ಮಗುವಿನ ತಂದೆಗೆ ಫೋನ್ ಮಾಡಿದಾಗ ಅವರು ಹೇಳಿದ್ದು. "ಬೆಳಗ್ಗೆವರೆಗೂ ಕಾಯ್ಬೇಡಿ, ಈಗ್ಲೇ ಹೊರಡಿ."

ಲಗೇಜ್ ಆಟೋದಲ್ಲಿ ಹತ್ತಿರದ ಊರಿನ ಆಸ್ಪತ್ರೆಗೆ ಹೋದೆವು. ಡ್ಯೂಟಿ ಡಾಕ್ಟರು ಸಣ್ಣ ವಯಸ್ಸಿನವರು, ಇಂಥದ್ದು ನೋಡಿರಲಿಲ್ಲ. ಹಾಗಂತ ಪ್ರಾಮಾಣಿಕವಾಗಿ ಹೇಳಿದರು, ಅದು ಒಳ್ಳೆಯದೇ ಆಯಿತು. ಬೆಂಗಳೂರಿಗೆ ಫೋನ್ ಮಾಡಿ ಕೇಳಿಕೊಂಡರು. ಯಾವುದಾದರೂ ಸಣ್ಣ ಕ್ಯಾಥೆಟರ್ ಹಾಕಿ ದಾರಿ ಮುಚ್ಚದಂತೆ ನೋಡಿಕೊಳ್ಳಿ ಅಂದರಂತೆ. ಆಸ್ಪತ್ರೆಯಲ್ಲಿ ಆ ಅಳತೆಯದು ಇರಲಿಲ್ಲ. ನಮ್ಮ ಮನೆಯವರು ಮೆಡಿಕಲ್ ಸ್ಟೋರಿನವರನ್ನು ಮನೆಗೇ ಹೋಗಿ ಎಬ್ಬಿಸಿದರು. ಅವರು ಕಣ್ಣುಜ್ಜುತ್ತಾ ಬಂದು "ಯಾರಿಗಪ್ಪಾ ಮೂತ್ರ ಕಟ್ಟಿರೋದು?" ಅಂದರಂತೆ. ಫೋಲಿ ಕ್ಯಾಥೆಟರ್ ಅಂದರೆ ಮೂತ್ರಕ್ಕೆ ಹಾಕುವುದು ತಾನೇ? "ಮಗೂಗೆ ಹಾಲು ಕುಡಿಸೋಕೆ" ಅಂದಾಗ ಅವರ ಮುಖ ನೋಡಬೇಕಿತ್ತು ಅಂತ ಇವರು ಈಗ ಹೇಳಿಕೊಂಡು ನಗುತ್ತಾರೆ. ಆವತ್ತು ನಗಲಿಲ್ಲ.

ನಾಲ್ಕು ಗಂಟೆ ಹೊತ್ತಿಗೆ ತೆಳ್ಳನೆಯ ಒಂದು ಟ್ಯೂಬ್ ಒಳಗೆ ಹೋಯಿತು. ಸಿರಿಂಜಿನಲ್ಲಿ ಎಳೆದು ಹೊಟ್ಟೆಯ ನೀರು ಬರುತ್ತದಾ ನೋಡಿದರು. ಬರುವ ತನಕ ಹಾಲು ಹಾಕಬಾರದು, ಟ್ಯೂಬ್ ಹೊಟ್ಟೆಯ ಚೀಲದ ಆಚೆ ಹೋಗಿದ್ದರೆ ಮಗುವಿನ ಜೀವಕ್ಕೇ ಅಪಾಯ. ಬಂತು. ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಸರಿಯಾದ ಟ್ಯೂಬ್ ಹಾಕಿಸಿಕೊಂಡು ಬಂದೆವು. ಅವತ್ತಿಂದ ಟ್ಯೂಬ್ ಚರ್ಮಕ್ಕೆ ತಾಗುವ ಜಾಗದಲ್ಲಿ ಪೆನ್ನಿನಿಂದ ಗೆರೆ ಹಾಕಿಡುತ್ತಿದ್ದೆ. ಗೆರೆ ಒಳಗೆ ಹೋದರೂ ತೊಂದರೆ, ಹೊರಗೆ ಬಂದರೂ ತೊಂದರೆ. ಈ ಗೆರೆಯ ಉಪಾಯ ಡಿಸ್ಚಾರ್ಜ್ ದಿನವೇ ಹೇಳಬಹುದಾಗಿತ್ತು. ಒಂದು ಪೆನ್ನಿನ ಗೆರೆ, ಅಷ್ಟೇ.

ಆರು ತಿಂಗಳಾದ ಮೇಲೆ ಬರೀ ಹಾಲು ಸಾಲದು ಅಂದರು. ಟ್ಯೂಬಿನಲ್ಲಿ ಏನು ಹೋಗುತ್ತದೆ? ತೂಕ ಏರಲೇಬೇಕು, ಎಂಟು ಕಿಲೋ ಆಗಲೇಬೇಕು. ಗಂಜಿ ಗಟ್ಟಿ ಮಾಡಿದರೆ ಟ್ಯೂಬ್ ಕಟ್ಟುತ್ತದೆ, ನೀರು ಮಾಡಿದರೆ ಅದರಲ್ಲಿ ಸತ್ವ ಇಲ್ಲ. ಇದಕ್ಕೆ ಉತ್ತರ ಅತ್ತೆಗೆ ಗೊತ್ತಿತ್ತು, ಕಾರಣ ಮಾತ್ರ ಗೊತ್ತಿರಲಿಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿ, ಮಾವನ ಹಳೆ ಪಂಚೆಯಲ್ಲಿ ವಸ್ತ್ರಗಾಳಿಸಿದರು. ಆ ಹಿಟ್ಟಿನ ಸರಿ ಒಲೆ ಮೇಲೆ ಗಟ್ಟಿಯಾಗುವುದೇ ಇಲ್ಲ, ನೀರಾಗಿಯೇ ಇರುತ್ತದೆ. ಮೊಳಕೆ ಬಂದಾಗ ಕಾಳಿನಲ್ಲಿ ಅಮೈಲೇಸ್ ಅನ್ನುವುದು ಹುಟ್ಟಿ ಪಿಷ್ಟವನ್ನು ಒಡೆಯುತ್ತದಂತೆ. ಹಿಟ್ಟು ಜಾಸ್ತಿ ಹಾಕಿದರೂ ತೆಳ್ಳಗೆ ಇಳಿಯುತ್ತದೆ. ಬೆಂಗಳೂರಿನ ಡಯಟೀಷಿಯನ್ ಲೆಜರ್ ನೋಡಿ, "ಯಾರು ಹೇಳಿಕೊಟ್ಟಿದ್ದು?" ಅಂದರು. ಅತ್ತೆಗೆ ಮೊಣಕಾಲು ನೋವು, ಅವರು ಬೆಂಗಳೂರಿಗೆ ಬರುತ್ತಿರಲಿಲ್ಲ. ಮನೆಗೆ ಬಂದು ಹೇಳಿದಾಗ, "ಇದಕ್ಕೆ ಡಾಕ್ಟ್ರು ಬೇಕಾ, ನಮ್ಮ ಕಾಲದಲ್ಲಿ ಎಲ್ರೂ ಮಾಡ್ತಿದ್ರು" ಅಂದರು. ಆದರೂ ಎರಡು ದಿನ ಅವರ ನಡಿಗೆಯೇ ಬೇರೆ ಥರ ಇತ್ತು.

ಊರಿನವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬಜೆ ತೇಯ್ದು ನೆಕ್ಕಿಸು ಅಂದವರಿದ್ದಾರೆ, ಗ್ರೈಪ್ ವಾಟರ್ ತಂದುಕೊಟ್ಟವರಿದ್ದಾರೆ, ಅವರದು ಪ್ರೀತಿ. "ಗ್ರಹಣದಲ್ಲಿ ಹೊರಗೆ ಬಂದಿದ್ಯೇನೇ?" ಅಂತ ಕೇಳಿದವರದು ಪ್ರೀತಿ ಅಲ್ಲ. ಅನ್ನನಾಳ ರೂಪುಗೊಳ್ಳುವುದು ಗರ್ಭದ ಮೊದಲ ಎರಡು ತಿಂಗಳೊಳಗೆ. ಮುಟ್ಟು ನಿಂತಿದೆಯಾ ಇಲ್ಲವಾ ಅಂತ ನಾನು ಲೆಕ್ಕ ಹಾಕುತ್ತಿದ್ದ ಹೊತ್ತು. ಆಗ ನಾನು ಏನು ತಿಂದೆ, ಎಲ್ಲಿಗೆ ಹೋದೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಡಾಕ್ಟರು ಮೂರು ಸಲ ಹೇಳಿದರು. ಮೂರನೇ ಸಲ ನಂಬಿದೆ.

ನಮ್ಮ ಆಶಾ ಕಾರ್ಯಕರ್ತೆ ಬಗ್ಗೆ ಮಾತ್ರ ಹೇಳಬೇಕು. ಹೆರಿಗೆ ಆದ ಮನೆಗೆ 3, 7, 14, 21, 28, 42ನೇ ದಿನ ಹೋಗಬೇಕು ಅನ್ನುವುದು ಅವರ ಕೆಲಸ. ನಾವು ಮನೆಗೆ ಬಂದದ್ದೇ ಇಪ್ಪತ್ತಾರನೇ ದಿನ. ಅವರ ಕಾರ್ಡಿನಲ್ಲಿ "ಎದೆಹಾಲು ಕುಡಿಯುತ್ತಿದೆಯೇ" ಅಂತ ಇತ್ತು. ಹೌದು ಅನ್ನಬೇಕಾ, ಇಲ್ಲ ಅನ್ನಬೇಕಾ? ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ನೆ ಕೂತೆವು. ಆಮೇಲೆ ಅವರು ಪೆನ್ನು ಇಟ್ಟು, "ಒಂದ್ಸಲ ತೋರಿಸಿ ಅಕ್ಕ, ನಾನೂ ಕಲೀತೀನಿ" ಅಂದರು. ನನಗೆ ಜ್ವರ ಬಂದ ಮೂರು ದಿನ ಮಧ್ಯಾಹ್ನದ ಹಾಲು ಬಿಟ್ಟವರು ಅವರೇ. ಅದಕ್ಕೆ ಅವರಿಗೆ ಯಾವ ಪ್ರೋತ್ಸಾಹಧನವೂ ಇಲ್ಲ. ಅವರ ಪಟ್ಟಿಯಲ್ಲಿ ಆ ಕೆಲಸವೇ ಇಲ್ಲವಲ್ಲ.

ಅಂಗನವಾಡಿಯ ತೂಕದ ಪಟ್ಟಿಯಲ್ಲಿ ಪುಟ್ಟಿ ಏಳು ತಿಂಗಳು ಕೆಂಪಿನಲ್ಲೇ ಇದ್ದಳು. ಎಂಟನೆಯದಕ್ಕೆ ಹಳದಿ. ಟೀಚರ್ ಅವತ್ತು ನಮ್ಮ ಮನೆಗೇ ಬಂದು ಹೇಳಿ ಹೋದರು.

ಬೆಂಗಳೂರಿಗೆ ತಿಂಗಳಿಗೊಮ್ಮೆಯಾದರೂ ಓಡಾಟ. ಶಕ್ತಿ ಯೋಜನೆ ಇದ್ದದ್ದರಿಂದ ನನಗೆ ಬಸ್ ಚಾರ್ಜ್ ಇಲ್ಲ. ಅ‌ದು ನಿಮ್ಮ ಇಲಾಖೆಯದ್ದಲ್ಲ, ಆದರೂ ಹೇಳುತ್ತೇನೆ, ಅದಿಲ್ಲದಿದ್ದರೆ ಎಷ್ಟೋ ಸಲ ಹೋಗುತ್ತಲೇ ಇರಲಿಲ್ಲ. ಒಮ್ಮೆ ನೆಲಮಂಗಲದ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಹಾಲಿನ ಹೊತ್ತಾಯಿತು. ಒಬ್ಬಳೇ ಇದ್ದೆ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಸಿರಿಂಜ್, ಹಾಲು ಸುರಿಯಲು ಮೂರನೇ ಕೈ ಇಲ್ಲ. ಕಂಡಕ್ಟರ್ ಬಂದು ನೋಡಿದರು. ಟಿಕೆಟ್ ಮಷೀನ್ ಹೆಗಲಿಗೆ ಸರಿಸಿ, "ಎಷ್ಟು ಎತ್ತರ ಹಿಡೀಬೇಕಮ್ಮ?" ಅಂದರು. ಗಾಡಿಗಳ ಹಾರ್ನ್ ಮಧ್ಯೆ ಇಪ್ಪತ್ತು ನಿಮಿಷ ಅವರು ಅಲ್ಲಾಡದೆ ಹಿಡಿದು ನಿಂತರು.

ಹದಿನಾಲ್ಕನೇ ತಿಂಗಳಲ್ಲಿ ದೊಡ್ಡ ಆಪರೇಷನ್ ಆಯಿತು. ಪಕ್ಕದ ಬೆಡ್ಡಿನಲ್ಲಿ ಯಾದಗಿರಿ ಕಡೆಯ ಒಂದು ಗಂಡು ಮಗು. ಅದೇ ತೊಂದರೆ, ಅದೇ ಆಪರೇಷನ್, ನಮಗಿಂತ ಒಂದು ತಿಂಗಳು ಮುಂಚೆ ಆಗಿತ್ತು. ಪುಟ್ಟಿಗೆ ಹನ್ನೆರಡನೇ ದಿನ ಬಾಯಿಗೆ ಒಂದು ಚಮಚ ನೀರು ಹಾಕಿದರು. ನುಂಗಿದಳು. ಇನ್ನೊಂದು ಬೇಕು ಅಂತ ಬಾಯಿ ತೆರೆದಳು. ಆ ಮಗು ಏನು ಕೊಟ್ಟರೂ ಬಾಯಿ ತೆರೆಯುತ್ತಿರಲಿಲ್ಲ. ಚಮಚ ಕಂಡರೆ ಮುಖ ತಿರುಗಿಸಿ ಬಿಕ್ಕುತ್ತಿತ್ತು. "ಬಾಯಾಗ ಏನ್ ಇಟ್ರೂ ಉಗಳ್ತಾನ್ರೀ ಅಕ್ಕಾ, ಹೊಟ್ಟಿ ದಾರಿ ಸರಿ ಆಗ್ಯಾದ ಅಂತಾರ, ಇವ ಒಲ್ಲೆ ಅಂತಾನ" ಅಂತ ಆ ತಾಯಿ ಅಳುತ್ತಿದ್ದಳು. ಒಂದು ವರ್ಷ ಅವನ ಬಾಯಿಗೆ ಏನೂ ಹಾಕಿರಲಿಲ್ಲ. ಹಾಕಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳಿಗೆ ಲಿಫ್ಟಿನ ಹತ್ತಿರ ಯಾರೂ ಸಿಕ್ಕಿರಲಿಲ್ಲ.

ಈ ಪತ್ರ ಬರೆಯುವುದಕ್ಕೆ ಆ ಮಗುವೇ ಕಾರಣ.

ಈಗ ಏನು ಬೇಕು ಅಂತ ಹೇಳುತ್ತೇನೆ. ಟ್ಯೂಬ್ ಹಾಕಿದ ಮಗುವನ್ನು ಮನೆಗೆ ಕಳಿಸುವ ಮುಂಚೆ ಮೂರು ದಿನ ತಾಯಿಯೇ, ಅಥವಾ ಮನೆಯಲ್ಲಿ ನೋಡಿಕೊಳ್ಳುವವರೇ, ಸಿಸ್ಟರ್ ಕಣ್ಣೆದುರಿಗೆ ಹಾಲು ಬಿಡಲಿ. ಕೈ ನಡುಗುವುದು ನಿಂತ ಮೇಲೆ ಕಳಿಸಿ. ಕನ್ನಡದಲ್ಲಿ, ಚಿತ್ರ ಹಾಕಿದ ಒಂದು ಹಾಳೆ ಕೊಡಿ. ಅದರಲ್ಲಿ ಪೆನ್ನಿನ ಗೆರೆ ಇರಲಿ, ಟ್ಯೂಬ್ ಬಿದ್ದರೆ ಏನು ಮಾಡಬೇಕು ಅಂತ ಇರಲಿ, ಬಾಯಿಗೂ ಹಾಲು ಹಾಕಬೇಕಾದ ಮಕ್ಕಳಿಗೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ರಾತ್ರಿ ಒಂದೂವರೆಗೆ ಎತ್ತುವ ಒಂದು ಫೋನ್ ನಂಬರ್ ಇರಲಿ.

ಎರಡು ಬದಲಿ ಟ್ಯೂಬ್, ತಿಂಗಳಿಗೆ ಬೇಕಾಗುವ ಸಿರಿಂಜ್, ತೂತಿನ ಸುತ್ತ ಚರ್ಮ ಸುಡದಂತೆ ಹಚ್ಚುವ ಜಿಂಕ್ ಮುಲಾಮು, ಇವು ಆಪರೇಷನ್ ಪ್ಯಾಕೇಜಿನ ಬಾಲದಲ್ಲೇ ಸೇರಲಿ. ನಮ್ಮ ಲೆಜರಿನ ಪ್ರಕಾರ ಪೌಡರ್ ಹಾಲೂ ಸೇರಿ ಹದಿಮೂರು ತಿಂಗಳಿಗೆ ನಮಗೆ 41,000 ರೂಪಾಯಿ ಹಿಡಿಯಿತು. ಲಕ್ಷಗಟ್ಟಲೆಯ ಆಪರೇಷನ್ ಬಿಟ್ಟಿ ಆದ ಮನೆಯಲ್ಲಿ ಸಿರಿಂಜಿಗೆ ಕಿವಿಯೋಲೆ ಅಡ ಇಟ್ಟದ್ದು ನನಗೆ ಈಗಲೂ ತಮಾಷೆಯಾಗಿ ಕಾಣುತ್ತದೆ. ಒಂದೇ ಸಿರಿಂಜನ್ನು ತೊಳೆದು ತೊಳೆದು, ಅದರ ಮೇಲಿನ ಎಂಎಲ್ ಗೆರೆ ಅಳಿಸಿಹೋಗುವ ತನಕ ಬಳಸಿದವರು ನಾವೊಬ್ಬರೇ ಅಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ಅಳತೆಯ ಕ್ಯಾಥೆಟರ್ ಇರುವ ಒಂದು ಚೀಲ, ಅದನ್ನು ಹಾಕಲು ಬರುವ ಇಬ್ಬರು. ಬರೀ ಅನ್ನನಾಳದ ಮಕ್ಕಳಿಗೆ ಇಷ್ಟೆಲ್ಲ ಯಾಕೆ ಅಂತ ಯಾರಾದರೂ ಅಧಿಕಾರಿ ಕೇಳಬಹುದು. ಕರುಳಿನ ಆಪರೇಷನ್ ಆದ ಮಕ್ಕಳಿದ್ದಾರೆ. ಮೆದುಳಿನ ತೊಂದರೆಯಿಂದ ನುಂಗಲು ಆಗದೆ ಮೂಗಿನ ಟ್ಯೂಬಿನಲ್ಲಿ ವರ್ಷಗಟ್ಟಲೆ ಊಟ ಮಾಡುವ ಮಕ್ಕಳಿದ್ದಾರೆ. ಅವರನ್ನೆಲ್ಲ ಸೇರಿಸಿ ನೋಡಿ.

2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬರುವ ಒಂಬತ್ತು ತೊಂದರೆಗಳ ಪಟ್ಟಿ ಇದೆ. ಸೀಳು ತುಟಿ, ಸೊಟ್ಟ ಪಾದ, ಹೃದಯ, ಕಣ್ಣಿನ ಪೊರೆ, ಕಿವುಡು ಇವೆಲ್ಲ ಇವೆ. ಅನ್ನನಾಳ ಇಲ್ಲ. ಕರುಳು ಇಲ್ಲ. ಗುದದ್ವಾರ ಇಲ್ಲದೆ ಹುಟ್ಟುವ ಮಗುವೂ ಇಲ್ಲ. ಗಂಟಲಿನಿಂದ ಕೆಳಗಿನ ಊಟದ ದಾರಿಯೇ ಆ ಪಟ್ಟಿಯಲ್ಲಿ ಬಿಟ್ಟುಹೋಗಿದೆ. ಅದು ಕೇಂದ್ರದ ಪಟ್ಟಿ, ಗೊತ್ತು. ಕೇಳಬೇಕಾದವರು ನೀವು ಅಲ್ವಾ? ಅದೇ ಕಾರ್ಯಕ್ರಮದಡಿ ಜಿಲ್ಲೆಗಳಲ್ಲಿ ಮಕ್ಕಳ ಆರಂಭಿಕ ಚಿಕಿತ್ಸಾ ಕೇಂದ್ರಗಳಿವೆ. ಅಲ್ಲಿ ವಾರಕ್ಕೊಂದು ದಿನ ನುಂಗುವುದನ್ನು ಕಲಿಸುವ ಥೆರಪಿಸ್ಟ್ ಕೂರಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗೇ ಒಂದು ಕೇಂದ್ರ ಇದೆ. ಕಲಿಸುವವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಯಾದಗಿರಿಯ ಆ ತಾಯಿಗೆ ಮೈಸೂರು ಎಷ್ಟು ದೂರ ಅಂತ ಒಮ್ಮೆ ಮ್ಯಾಪ್ ನೋಡಿ.

ಪುಟ್ಟಿಗೆ ಎಲ್ಲ ಸರಿಹೋಗಿದೆ ಅಂತ ಅಲ್ಲ. ಹೊಟ್ಟೆಯ ಚೀಲ ಈಗ ಎದೆಯಲ್ಲಿದೆ, ಒಮ್ಮೆಗೆ ಜಾಸ್ತಿ ತಿಂದರೆ ಉಸಿರಿಗೆ ಒತ್ತುತ್ತದೆ. ದಿನಕ್ಕೆ ಏಳು ಸಲ ಸ್ವಲ್ಪ ಸ್ವಲ್ಪ. ರಾತ್ರಿ ತಲೆ ಎತ್ತರ ಇಟ್ಟೇ ಮಲಗಿಸಬೇಕು. ಹತ್ತು ಕಿಲೋ ಮುಟ್ಟಿದ್ದಾಳೆ. ಮೊನ್ನೆ ಉಪ್ಪಿಟ್ಟು ಬೇಡ ಅಂತ ತಟ್ಟೆ ತಳ್ಳಿದಳು. ನಮ್ಮ ಮನೆಯವರಿಗೆ ಕೋಪ ಬರಬೇಕಿತ್ತು, ಅವರು ಫೋಟೋ ತೆಗೆದುಕೊಂಡರು.

ನಮ್ಮ ಕಪಾಟಿನಲ್ಲಿ ಒಡೆಯದ ಕ್ಯಾಥೆಟರ್ ಎರಡು, 50 ಎಂಎಲ್ ಸಿರಿಂಜ್ ಐದು ಉಳಿದಿವೆ. ಪ್ಯಾಕೆಟ್ ಮೇಲಿನ ಎಕ್ಸ್‌ಪೈರಿ ತಾರೀಖಿಗೆ ಇನ್ನೂ ಒಂದು ವರ್ಷ ಇದೆ. ಆಶಾ ಕಾರ್ಯಕರ್ತೆಗೆ ಹೇಳಿಟ್ಟಿದ್ದೇನೆ, ಸುತ್ತಮುತ್ತ ಯಾರಿಗಾದರೂ ಬೇಕಾದರೆ ಬಂದು ತೆಗೆದುಕೊಂಡು ಹೋಗಲಿ. ಲೆಜರ್ ಮಾತ್ರ ಕೊಡುವುದಿಲ್ಲ. ನಿಮ್ಮ ಇಲಾಖೆಯವರಿಗೆ ನೋಡಬೇಕು ಅನಿಸಿದರೆ ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ, 186 ಪುಟ ಇದೆ.

ಇಂತಿ,
ಪುಟ್ಟಿಯ ಅಮ್ಮ
ತುಮಕೂರು ಜಿಲ್ಲೆ